ಮಕ್ಕಳ ಟಿ.ವಿ. ಕಾರ್ಯಕ್ರಮ ಕಟ್ಟುವುದೂ ಒಂದು ವೃತ್ತಿಯೇ? ಮಗಳ ಹಟ, ನಮ್ಮ ಗೊಂದಲ

ಡೊಂಬಿವಲಿಯ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ಡೊಂಬಿವಲಿಗೆ ಬಂದು ಇಪ್ಪತ್ತಾರು ವರ್ಷಗಳಾದವು. ಒಬ್ಬಳೇ ಮಗಳು, ವಯಸ್ಸು 23. ಬಿ.ಕಾಂ. ಮುಗಿಸಿದವಳು ಬ್ಯಾಂಕ್ ಪರೀಕ್ಷೆಗೆ ಕೂರುತ್ತಾಳೆಂದು ಅವಳ ಅಪ್ಪ ಕಾದಿದ್ದರೆ, ಅವಳು ಅಂಧೇರಿಯ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ನಿರ್ಮಾಣ ಸಹಾಯಕಿಯಾಗಿ ಸೇರಿಕೊಂಡಳು. ಬೆಳಿಗ್ಗೆ ಲೋಕಲ್ ಹಿಡಿದು, ಘಾಟ್‌ಕೋಪರಿನಲ್ಲಿ ಇಳಿದು ಮೆಟ್ರೋ ಹತ್ತಿ ಹೋದವಳು ಮನೆ ಸೇರುವಾಗ ರಾತ್ರಿ ಒಂಬತ್ತಾಗಿರುತ್ತದೆ. ಕಳೆದ ವರ್ಷ ಅಲ್ಲಿಯ ಸಭೆಯೊಂದರಲ್ಲಿ ಅವಳು ಮಳೆಗೆ ಹೆದರುವ ಅಳಿಲಿನ ಕಥೆಯೊಂದನ್ನು ಹೇಳಿದ್ದಳಂತೆ. ಆರು ತಿಂಗಳ ಬಳಿಕ ಅದೇ ಅಳಿಲು, ಅದೇ ಮಳೆ ಒಂದು ಎಪಿಸೋಡ್ ಆಗಿ ಬಂದಿತು. ಕೊನೆಯಲ್ಲಿ ಓಡಿದ ಹೆಸರುಗಳ ಸಾಲಿನಲ್ಲಿ ಅವಳ ಹೆಸರು ಇರಲಿಲ್ಲ. ಅಂದಿನಿಂದ, ಆರು ವರ್ಷದೊಳಗಿನ ಮಕ್ಕಳಿಗಾಗಿ ತನ್ನದೇ ಕಾರ್ಯಕ್ರಮ ಕಟ್ಟುತ್ತೇನೆ, ಕೆಲಸ ಬಿಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅಮೆರಿಕದ ಫ್ರೆಡ್ ರೋಜರ್ಸ್ ಎಂಬವರು ಮೂವತ್ತು ವರ್ಷಕ್ಕೂ ಮಿಕ್ಕಿ ಇದೊಂದನ್ನೇ ಮಾಡಿದರಲ್ಲ ಎಂಬುದು ಅವಳ ವಾದ. ಇದರಿಂದ ನಿಜವಾಗಿ ಬದುಕು ಕಟ್ಟಿಕೊಂಡವರು ಯಾರಿದ್ದಾರೆ, ಅವರು ಅದಕ್ಕೆ ಮೊದಲು ಏನೇನು ಕಲಿತಿದ್ದರು ಎಂದು ಬಲ್ಲವರು ತಿಳಿಸಬೇಕು. ಮನೆಯಲ್ಲಿ ಊಟದ ಹೊತ್ತು ಮೌನವಾಗಿಬಿಟ್ಟಿದೆ.

ಮಾಟುಂಗದ ನಿವೃತ್ತ:
ಅಮ್ಮಾ, ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡಿದವನು. ವೈದ್ಯರು, ಇಡ್ಲಿ ಹೋಟೆಲಿನವರು, ಟ್ಯಾಕ್ಸಿಯವರು ಎಲ್ಲರೂ ಮನೆ ಸಾಲದ ಕಂತು ತೀರಿಸಿದ್ದನ್ನು ಕಂಡಿದ್ದೇನೆ. ಗೊಂಬೆ ಕುಣಿಸಿ ಕಂತು ತೀರಿಸಿದವರನ್ನು ಈವರೆಗೆ ಕಂಡಿಲ್ಲ. ಪರೀಕ್ಷೆ ಬರೆಸಿ.

ಪವಾಯಿಯ ಕುಂಚ:
ರಾಯರೇ, ಕ್ಷಮಿಸಿ, ತಾವು ಕಾಣದಿದ್ದುದು ಇಲ್ಲವೆಂದಾಗುವುದಿಲ್ಲ. ನಾನು ಹದಿನಾಲ್ಕು ವರ್ಷಗಳಿಂದ ಸ್ಟೋರಿಬೋರ್ಡ್, ಅಂದರೆ ಅನಿಮೇಷನ್ನಿನ ದೃಶ್ಯಗಳ ಮೊದಲ ಚಿತ್ರಗಳನ್ನು, ಬರೆಯುತ್ತಿದ್ದೇನೆ, ಕಂತನ್ನೂ ಕಟ್ಟುತ್ತಿದ್ದೇನೆ.

ಅಮ್ಮಾ, ನಿಮ್ಮ ಮಗಳು ರೋಜರ್ಸ್ ಅವರ ಹೆಸರು ಹೇಳಿದ್ದು ಸರಿ, ಆದರೆ ಆ ಮೂವತ್ತು ವರ್ಷಗಳ ಹಿಂದಿನ ಹದಿನೈದು ವರ್ಷಗಳನ್ನು ಅವಳು ಓದಿದ್ದಾಳೆಯೇ ಎಂದು ಕೇಳಿ. 1928ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಟ್ರೋಬ್‌ನಲ್ಲಿ ಹುಟ್ಟಿದ ಅವರು ಕಾಲೇಜಿನಲ್ಲಿ ಓದಿದ್ದು ಸಂಗೀತ. 1951ರಲ್ಲಿ ಪದವಿ ಮುಗಿಸಿ ನ್ಯೂಯಾರ್ಕಿನ ಎನ್‌ಬಿಸಿ ಎಂಬ ಟಿ.ವಿ. ಜಾಲದಲ್ಲಿ ಸಹಾಯಕರಾಗಿ ಓಡಾಡಿದರು. 1953ರಲ್ಲಿ ಆ ದೊಡ್ಡ ಜಾಲವನ್ನು ಬಿಟ್ಟು, ಜನರ ದೇಣಿಗೆಯಿಂದ ನಡೆಯಲಿದ್ದ ಪಿಟ್ಸ್‌ಬರ್ಗ್‌ನ ಡಬ್ಲ್ಯುಕ್ಯುಇಡಿ ಎಂಬ ಹೊಸ ಟಿ.ವಿ. ಕೇಂದ್ರಕ್ಕೆ ಬಂದರು. ಅಲ್ಲಿ ಮರುವರ್ಷದಿಂದ ನಡೆದ ‘ಚಿಲ್ಡ್ರನ್ಸ್ ಕಾರ್ನರ್’ನಲ್ಲಿ ಪರದೆಯ ಮೇಲೆ ಕಾಣುತ್ತಿದ್ದವರು ಜೋಸಿ ಕ್ಯಾರಿ, ರೋಜರ್ಸ್ ಪರದೆಯ ಹಿಂದೆ ಗೊಂಬೆಯಾಡಿಸುತ್ತಾ, ಆರ್ಗನ್ ನುಡಿಸುತ್ತಾ ಇದ್ದರು. ಅವರ ಆ ಪ್ರಸಿದ್ಧ ಬಟ್ಟೆಯ ಬೂಟು ಹುಟ್ಟಿದ್ದೇ ಅಲ್ಲಿ, ಏಕೆಂದರೆ ಗೊಂಬೆಯಿಂದ ಆರ್ಗನ್‌ಗೆ ಓಡುವಾಗ ಸದ್ದಾಗಬಾರದಿತ್ತು. ಡೇನಿಯಲ್ ಎಂಬ ಹುಲಿಗೊಂಬೆಯನ್ನು ಕೇಂದ್ರದ ವ್ಯವಸ್ಥಾಪಕಿ ಕಾರ್ಯಕ್ರಮ ಆರಂಭವಾಗುವ ಹಿಂದಿನ ರಾತ್ರಿ ಉಡುಗೊರೆಯಾಗಿ ಕೊಟ್ಟಿದ್ದರು. 1963ರಲ್ಲಿ ಕೆನಡಾದ ಸಿಬಿಸಿ ವಾಹಿನಿಯವರು ಅವರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಕೆಲವು ವರ್ಷಗಳ ಬಳಿಕ ಅವರು ಊರಿಗೆ ಮರಳುವಾಗ ಆ ಕಾರ್ಯಕ್ರಮದ ಹಕ್ಕನ್ನೂ ಪಡೆದುಕೊಂಡು ಬಂದರು. ಇದನ್ನು ನಿಮ್ಮ ಮಗಳು ಗೆರೆ ಎಳೆದು ಓದಬೇಕು. 1968ರ ಫೆಬ್ರುವರಿ 19ರಂದು ಅಮೆರಿಕದಲ್ಲಿ ಅವರದೇ ಕಾರ್ಯಕ್ರಮದ ದೇಶವ್ಯಾಪಿ ಪ್ರಸಾರ ಆರಂಭವಾದಾಗ ಅವರಿಗೆ ನಲವತ್ತು ತುಂಬಲು ಒಂದು ತಿಂಗಳಿತ್ತು. ನಡುವೆ ಕೆಲವು ವರ್ಷ ಹೊಸ ಕಂತುಗಳನ್ನು ನಿಲ್ಲಿಸಿದ್ದೂ ಸೇರಿ, ಅದು 2001ರವರೆಗೆ ನಡೆಯಿತು.

ಗಡಿಬಿಡಿಯವನು:
ಅದೇ ರೋಜರ್ಸ್ ಯುದ್ಧದಲ್ಲಿ ಅಡಗಿ ಗುಂಡು ಹೊಡೆಯುವ ಗುರಿಕಾರನಾಗಿದ್ದರಂತೆ, ತೋಳಿನ ಹಚ್ಚೆಗಳನ್ನು ಮುಚ್ಚಲೆಂದೇ ಉದ್ದ ತೋಳಿನ ಸ್ವೆಟರ್ ಹಾಕುತ್ತಿದ್ದರಂತೆ. ವಾಟ್ಸಾಪಿನಲ್ಲಿ ಬಂದಿತ್ತು.

ಪವಾಯಿಯ ಕುಂಚ:
ಅದು ಹಳೆಯ ಗಾಳಿಸುದ್ದಿ. ಅವರು ಸೈನ್ಯಕ್ಕೆ ಸೇರಿದವರೇ ಅಲ್ಲ, ಹಚ್ಚೆಯೂ ಇರಲಿಲ್ಲ. ಆ ಸ್ವೆಟರುಗಳನ್ನು ಹೆಣೆದವರು ಅವರ ತಾಯಿ. ಅವುಗಳಲ್ಲೊಂದು ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಕಾಂದಿವಲಿಯ ವಕೀಲೆ:
ಅಳಿಲಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಮಗಳ ಕೋಪದ ಬೇರು ಇರುವುದು ಅಲ್ಲಿ. ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಬರಿಯ ಕಲ್ಪನೆಗೆ ರಕ್ಷಣೆಯಿಲ್ಲ. ಕಲ್ಪನೆಯನ್ನು ಬರೆದ, ಚಿತ್ರಿಸಿದ ರೂಪಕ್ಕೆ ಮಾತ್ರ ಇದೆ. ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ ಕಥೆ ಗಾಳಿಗೆ ತೂರಿದ ಹೊಟ್ಟಿನ ಹಾಗೆ. ಅಷ್ಟೇ ಅಲ್ಲದೆ, 1957ರ ಕಾಯಿದೆಯ 17ನೆಯ ಕಲಮಿನಂತೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ನೌಕರಿಯ ಕರ್ತವ್ಯವಾಗಿ ಮಾಡಿದ ಕೃತಿಯ ಮೊದಲ ಒಡೆತನ ಉದ್ಯೋಗದಾತನದು. ಹಾಗಾಗಿ ಆ ಸ್ಟುಡಿಯೋದವರು ಮಾಡಿದ್ದು ಅಸಹ್ಯವಾಗಿರಬಹುದು, ಆದರೆ ಕಾನೂನಿನ ಮುಂದೆ ನಿಲ್ಲಿಸುವುದು ಕಷ್ಟ.

ಇನ್ನು ಮುಂದೆ ಏನು ಮಾಡಬೇಕೆಂದರೆ, ಪಾತ್ರದ ಚಿತ್ರಗಳನ್ನೂ ಮೊದಲ ಕಂತಿನ ಚಿತ್ರಕಥೆಯನ್ನೂ ಕಾಗದಕ್ಕಿಳಿಸಿ, ಅಂಧೇರಿ ಪಶ್ಚಿಮದಲ್ಲಿರುವ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನ ಸದಸ್ಯತ್ವ ಪಡೆದು ಚಿತ್ರಕಥೆಯನ್ನು ನೋಂದಾಯಿಸಿಕೊಳ್ಳಬೇಕು. ಆ ನೋಂದಣಿ ಒಡೆತನವನ್ನು ಕೊಡುವುದಿಲ್ಲ, ಇಂಥ ದಿನ ಈ ಬರಹ ನಿನ್ನ ಕೈಯಲ್ಲಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಅದಾದ ಮೇಲೆಯೇ ಚಾನೆಲ್ಲಿನವರ ಮುಂದೆ ಬಾಯಿ ತೆರೆಯಲಿ.

ಮಾಟುಂಗದ ನಿವೃತ್ತ:
ವಕೀಲರ ಮಾತು ಕೇಳಿದ ಮೇಲೆ ನನ್ನ ಅಭಿಪ್ರಾಯ ಇನ್ನೂ ಗಟ್ಟಿಯಾಯಿತು. ಕಲ್ಪನೆಯೂ ತನ್ನದಲ್ಲ, ಹೆಸರೂ ತನ್ನದಲ್ಲ ಎನ್ನುವ ಕೆಲಸಕ್ಕೆ ವೃತ್ತಿ ಎನ್ನುವುದಾದರೂ ಹೇಗೆ?

ಮಲಾಡಿನ ಕಿರಿಯ:
ಸರ್, ಸೆಸಮಿ ಸ್ಟ್ರೀಟ್ ಎಂಬ ಅಮೆರಿಕದ ಮಕ್ಕಳ ಟಿ.ವಿ. ಕಾರ್ಯಕ್ರಮ ಸೃಷ್ಟಿಸಿದ ಜಿಮ್ ಹೆನ್ಸನ್ ಅವರನ್ನು ಮರೆತಿರಾ? ಗೊಂಬೆಯಾಡಿಸಿಯೇ ಕೋಟ್ಯಧೀಶರಾದವರು ಅವರು.

ಪುಣೆಯ ಕಲಬುರಗಿಯವ:
ತಮ್ಮಾ, ಅರ್ಧ ಸರಿ, ಅರ್ಧ ತಪ್ಪು. ಆ ಕಾರ್ಯಕ್ರಮವನ್ನು ಹುಟ್ಟುಹಾಕಿದವರು ಜೋನ್ ಗಾಂಜ್ ಕೂನಿ ಎಂಬ ಮಹಿಳೆ. ನ್ಯೂಯಾರ್ಕಿನ ಶೈಕ್ಷಣಿಕ ವಾಹಿನಿಯೊಂದರಲ್ಲಿ ಸಾಕ್ಷ್ಯಚಿತ್ರ ಮಾಡುತ್ತಿದ್ದ ಅವರು, ಕಾರ್ನೆಗಿ ಪ್ರತಿಷ್ಠಾನದ ಲಾಯ್ಡ್ ಮಾರಿಸೆಟ್ ಅವರೊಂದಿಗೆ ಸೇರಿ, ಶಾಲೆಗೆ ಸೇರುವ ಮುನ್ನವೇ ಹಿಂದೆ ಬೀಳುವ ಬಡ ಮಕ್ಕಳಿಗೆ ಟಿ.ವಿ. ಏನು ಮಾಡಬಲ್ಲದು ಎಂದು 1966ರಲ್ಲಿ ಅಧ್ಯಯನ ನಡೆಸಿ ವರದಿ ಬರೆದರು. 1968ರಲ್ಲಿ ಸಂಸ್ಥೆ ಕಟ್ಟಿದರು, 1969ರ ನವೆಂಬರ್ 10ರಂದು ಮೊದಲ ಪ್ರಸಾರ. ಹೆನ್ಸನ್ ಬಂದದ್ದು ಗೊಂಬೆಗಳಿಗಾಗಿ. ಅವರು 1955ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ವಾಷಿಂಗ್ಟನ್ನಿನಲ್ಲಿ ಐದು ನಿಮಿಷದ ಗೊಂಬೆಯಾಟ ನಡೆಸುತ್ತಿದ್ದರು. ಕರ್ಮಿಟ್ ಎಂಬ ತಮ್ಮ ಪ್ರಸಿದ್ಧ ಗೊಂಬೆಯ ಮೊದಲ ರೂಪವನ್ನು ಅಮ್ಮನ ಹಳೆಯ ಕೋಟಿನ ಬಟ್ಟೆಯಿಂದ ಹೊಲಿದು, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಾಗಿಸಿದ್ದರು. ಮುಂದೆ ಎಷ್ಟೋ ವರ್ಷ ಅವರ ಹೊಟ್ಟೆ ಹೊರೆದದ್ದು ಜಾಹೀರಾತುಗಳು. ಆದ್ದರಿಂದ ನಿವೃತ್ತ ರಾಯರ ಪ್ರಶ್ನೆ ಅಷ್ಟು ಹಗುರವಾದದ್ದಲ್ಲ. ಮಕ್ಕಳ ಕೆಲಸ ಮಾಡಿದವರೂ ಕಂತು ಕಟ್ಟಲು ಬೇರೆ ಕೆಲಸ ಮಾಡಿಯೇ ಇದ್ದಾರೆ.

ನನ್ನದೊಂದು ನೆನಪನ್ನೂ ಹೇಳುತ್ತೇನೆ. ನಾನು ಮೊದಲು ಟಿ.ವಿ. ನೋಡಿದ್ದು ಪುಣೆಯಲ್ಲಿಯೂ ಅಲ್ಲ, ಬೆಂಗಳೂರಿನಲ್ಲಿಯೂ ಅಲ್ಲ, ಗುಲಬರ್ಗಾ ಜಿಲ್ಲೆಯ ನಮ್ಮ ಹಳ್ಳಿಯ ಶಾಲೆಯಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಕೊಟ್ಟಿದ್ದರು, ಕರ್ನಾಟಕದ ಪಾಲಿಗೆ ಬಂದವು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಚಾವಣಿಯ ಮೇಲೆ ಕೋಳಿಗೂಡಿನ ಜಾಲರಿಯಿಂದ ಮಾಡಿದ ದೊಡ್ಡ ಛತ್ರಿ, ಒಳಗೆ ಮರದ ಪೆಟ್ಟಿಗೆ. ಬೆಳಗಿನ ಶಾಲಾ ಪ್ರಸಾರದಲ್ಲಿ ಕನ್ನಡಕ್ಕೆ ಸಿಗುತ್ತಿದ್ದುದು ಇಪ್ಪತ್ತೆರಡೂವರೆ ನಿಮಿಷ. ಅದನ್ನು ತಪ್ಪಿಸಿಕೊಳ್ಳಬಾರದೆಂದು ಎಮ್ಮೆ ಮೇಯಿಸುವ ಹುಡುಗರೂ ಶಾಲೆಯ ಕಿಟಕಿಗೆ ಜೋತುಬೀಳುತ್ತಿದ್ದರು. ನಮಗೆ ವಿಜ್ಞಾನ ತೋರಿಸಿದ ಆ ಕಾರ್ಯಕ್ರಮಗಳನ್ನು ಇಸ್ರೋದವರು ತಯಾರಿಸಿದ್ದು ಇದೇ ಮುಂಬಯಿಯಲ್ಲಿ ಎಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಮಾಡಿದವರ ಒಂದು ಹೆಸರೂ ನಮಗೆ ಗೊತ್ತಿರಲಿಲ್ಲ. ನಾನು ಮಾತ್ರ ಎಂಜಿನಿಯರ್ ಆದೆ.

ಚಿಂಚವಾಡದ ಅಜ್ಜಿ:
ಎಷ್ಟು ಚೆನ್ನಾಗಿ ಬರೆದಿರಿ! ಹೆಸರು ಗೊತ್ತಿಲ್ಲದವರ ಮಾತು ಬಂದದ್ದರಿಂದ ಕೇಳುತ್ತೇನೆ. ಹಕ್ಕಿಗಳೆಲ್ಲ ಸೇರಿ ಬಲೆಯನ್ನೇ ಎತ್ತಿಕೊಂಡು ಹಾರುವ, ಒಂದು ಮತ್ತು ಅನೇಕ ಎಂಬುದನ್ನು ಅಕ್ಕ ತಮ್ಮನಿಗೆ ತಿಳಿಸಿಕೊಡುವ ಕಾರ್ಟೂನನ್ನು ದೂರದರ್ಶನದಲ್ಲಿ ನೋಡದವರು ನಮ್ಮ ಕಾಲದಲ್ಲಿ ಯಾರಿದ್ದರು? ಅದನ್ನು ಮಾಡಿದವರು ಯಾರು?

ಪವಾಯಿಯ ಕುಂಚ:
ಅಜ್ಜೀ, ಅದು ‘ಏಕ್ ಅನೇಕ್ ಔರ್ ಏಕತಾ’, 1974ರಲ್ಲಿ ಕೇಂದ್ರ ಸರಕಾರದ ಚಿತ್ರ ತಯಾರಿಕಾ ಸಂಸ್ಥೆಯಾದ ಫಿಲ್ಮ್ಸ್ ಡಿವಿಷನ್ನಿಗಾಗಿ ಆದದ್ದು. ನಿರ್ದೇಶನ ವಿಜಯಾ ಮುಳೆ, ಅನಿಮೇಷನ್ ಭೀಮ್‌ಸೇನ್, ಸಂಗೀತ ವಸಂತ ದೇಸಾಯಿ. ವಿಜಯಾ ಮುಳೆ 1921ರಲ್ಲಿ ಮುಂಬಯಿಯಲ್ಲಿ ಹುಟ್ಟಿದವರು, 2019ರಲ್ಲಿ ತೀರಿಕೊಂಡರು. ಅವರನ್ನು ಬಲ್ಲವರೆಲ್ಲ ‘ಅಕ್ಕ’ ಎಂದೇ ಕರೆಯುತ್ತಿದ್ದರು. ಸರಕಾರಿ ನೌಕರಿಯಲ್ಲಿದ್ದುಕೊಂಡೇ ಸೈಟ್ ಪ್ರಯೋಗದ ಶೈಕ್ಷಣಿಕ ಕಾರ್ಯಕ್ರಮಗಳಿಗೂ ದುಡಿದವರು. ನಿವೃತ್ತ ರಾಯರು ಗಮನಿಸಬೇಕು: ಪಿಂಚಣಿ ಬರುವ ಕೆಲಸದಲ್ಲಿದ್ದೂ ಇದನ್ನು ಮಾಡಿದವರಿದ್ದಾರೆ.

ಮಾಟುಂಗದ ನಿವೃತ್ತ:
ಗಮನಿಸಿದೆ. ಆ ಹುದ್ದೆಗಳಿಗೆ ಈಗ ಅರ್ಜಿ ಕರೆಯುತ್ತಿದ್ದಾರೆಯೇ?

ಮುಲುಂಡಿನ ಕುಂದಾಪುರದವ:
ಗೊಂಬೆ ಎಂದೊಡನೆ ಎಲ್ಲರೂ ಅಮೆರಿಕಕ್ಕೆ ಓಡುವುದೇಕೆ? ನಮ್ಮ ಉಪ್ಪಿನಕುದ್ರಿನಲ್ಲಿ ಕಾಮತರ ಮನೆತನದವರು ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆಗಳನ್ನು ಆಡಿಸುತ್ತಿದ್ದಾರೆ. ಕೊಗ್ಗ ಕಾಮತರು ಅದನ್ನು ಕುಂದಾಪುರದಿಂದಾಚೆಗೂ ಒಯ್ದವರು. ಆ ಗೊಂಬೆ ಹೆಜ್ಜೆ ಹಾಕುವಾಗ ಚಂಡೆಯ ಪೆಟ್ಟಿಗೆ ಸರಿಯಾಗಿ ಕಾಲು ನೆಲಕ್ಕೆ ತಾಗುವುದನ್ನು ನೋಡಿದ ಮಗು ಉಸಿರು ಬಿಗಿಹಿಡಿದು ಕೂರುತ್ತದೆ. ನಿಮ್ಮ ಮಗಳನ್ನು ಒಂದು ವಾರ ಅಲ್ಲಿಗೆ ಕಳುಹಿಸಿ.

ಮಲಾಡಿನ ಕಿರಿಯ:
ಹಾಗಾದರೆ ನಮ್ಮ ಶಂಕರ್ ನಾಗ್ ಅವರೂ ಮಕ್ಕಳ ಟಿ.ವಿ. ಸೃಷ್ಟಿಕರ್ತರೇ ಅಲ್ಲವೇ? ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದವರು, ‘ಮಾಲ್ಗುಡಿ ಡೇಸ್’ ನಿರ್ದೇಶಿಸಿದವರು.

ಕಾಂದಿವಲಿಯ ವಕೀಲೆ:
ಅವರ ಮೇಲಿನ ಅಭಿಮಾನ ನನಗೂ ಕಡಿಮೆಯಿಲ್ಲ. ಆದರೂ ಆ ಧಾರಾವಾಹಿ ಇಡೀ ಮನೆಮಂದಿಗಾಗಿ ಆದದ್ದು. ಆಗುಂಬೆಯಲ್ಲಿ ಚಿತ್ರೀಕರಿಸಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ ತಯಾರಿಸಿದ್ದರು. ಅದರ ಸ್ವಾಮಿ ಎಂಬ ಹುಡುಗನನ್ನು ಮಕ್ಕಳು ತಮ್ಮವನನ್ನಾಗಿ ಮಾಡಿಕೊಂಡರು ಎನ್ನಬಹುದು. ನಾಲ್ಕು ವರ್ಷದ ಮಗುವಿಗೆಂದೇ ಮಾಡುವುದು ಬೇರೆಯ ವಿದ್ಯೆ.

ವಾಸ್ಕೋದ ಮೇಷ್ಟ್ರು:
ವಕೀಲ ತಂಗಿ ಹೇಳಿದ ಆ ‘ಬೇರೆಯ ವಿದ್ಯೆ’ಯ ಬಗ್ಗೆ ಇಲ್ಲಿ ಯಾರೂ ಮಾತಾಡುತ್ತಿಲ್ಲ ಎಂಬುದೇ ನನಗೆ ಆಶ್ಚರ್ಯ. ಗೋವಾದ ಕನ್ನಡ ಶಾಲೆಯಲ್ಲಿ ಒಂದು ಮತ್ತು ಎರಡನೆಯ ತರಗತಿಗೆ ಇಪ್ಪತ್ತು ವರ್ಷ ಪಾಠ ಮಾಡಿದವನು ನಾನು. ಅಷ್ಟು ಚಿಕ್ಕವರು ಎದುರಿಗೆ ಕುಳಿತಾಗ ನಿಮ್ಮ ಹೆಸರು, ಹಕ್ಕು, ಪ್ರಶಸ್ತಿ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಸೆಸಮಿ ಸ್ಟ್ರೀಟಿನ ಸಂಶೋಧನೆಯ ಮುಖ್ಯಸ್ಥ ಎಡ್ವರ್ಡ್ ಪಾಮರ್ ಮಾಡಿದ್ದನ್ನು ಓದಿದಾಗ ನನಗೆ ನನ್ನ ತರಗತಿಯೇ ಕಂಡಿತು. ಮಗುವನ್ನು ಟಿ.ವಿ. ಮುಂದೆ ಕೂರಿಸಿ, ಪಕ್ಕದಲ್ಲಿ ಇನ್ನೊಂದು ಪರದೆಯ ಮೇಲೆ ಏಳೂವರೆ ಸೆಕೆಂಡಿಗೊಮ್ಮೆ ಬಣ್ಣದ ಸ್ಲೈಡು ಬದಲಾಗುವಂತೆ ಮಾಡಿ, ಮಗುವಿನ ಕಣ್ಣು ಯಾವ ಘಳಿಗೆಯಲ್ಲಿ ಟಿ.ವಿ. ಬಿಟ್ಟು ಸ್ಲೈಡಿಗೆ ಹೋಯಿತೆಂದು ಗುರುತು ಹಾಕಿಕೊಳ್ಳುತ್ತಿದ್ದರು. ಆ ಕಾರ್ಯಕ್ರಮದ ಬೀದಿಯ ದೃಶ್ಯದಲ್ಲಿ ಗೊಂಬೆಗಳೂ ಮನುಷ್ಯರೂ ಒಟ್ಟಿಗೆ ಬಂದರೆ ಮಗುವಿಗೆ ಗೊಂದಲವಾಗುತ್ತದೆಂದು ತಜ್ಞರು ಹೇಳಿದ್ದರಿಂದ ಮೊದಲು ಎರಡನ್ನೂ ಬೇರೆಬೇರೆ ಇಟ್ಟಿದ್ದರು. 1969ರ ಜುಲೈಯಲ್ಲಿ ಫಿಲಡೆಲ್ಫಿಯಾದಲ್ಲಿ ಪರೀಕ್ಷಾ ಕಂತುಗಳನ್ನು ತೋರಿಸಿದಾಗ, ಬರೀ ದೊಡ್ಡವರು ಮಾತಾಡುವ ಬೀದಿ ಬಂದೊಡನೆ ಮಕ್ಕಳ ಕಣ್ಣು ಜಾರುತ್ತಿತ್ತು. ತಜ್ಞರ ಮಾತನ್ನು ಪಕ್ಕಕ್ಕಿಟ್ಟರು. ಬೀದಿಗೆ ದೊಡ್ಡ ಹಳದಿ ಹಕ್ಕಿ ಬಂದಿತು, ಕಸದ ಡಬ್ಬಿಯೊಳಗಿನ ಸಿಡುಕ ಬಂದ. ನಿಮ್ಮ ಮಗಳು ಮಕ್ಕಳ ನಡುವೆ ಎಷ್ಟು ಗಂಟೆ ಕಳೆದಿದ್ದಾಳೆ ಅಮ್ಮಾ? ಈ ವೃತ್ತಿಯಲ್ಲಿ ಸೇವಾ ಅವಧಿಯನ್ನು ಲೆಕ್ಕ ಹಾಕಬೇಕಾದದ್ದು ಅಲ್ಲಿಂದ.

ಪುಣೆಯ ಕಲಬುರಗಿಯವ:
ಮೇಷ್ಟ್ರೇ, ಒಂದು ತಿದ್ದುಪಡಿ. ಕಣ್ಣು ಜಾರಿದ ಮಾತ್ರಕ್ಕೆ ಮಗು ಕಳೆದುಹೋಯಿತೆಂದು ಅರ್ಥವಲ್ಲ. ಮುಂದೆ ಅಮೆರಿಕದಲ್ಲೇ ಡೇನಿಯಲ್ ಆಂಡರ್ಸನ್ ಎಂಬ ಮನೋವಿಜ್ಞಾನಿಯೂ ಅವರ ಸಂಗಡಿಗರೂ ಆಟಿಕೆಗಳ ನಡುವೆ ಕುಳಿತು ನೋಡಿದ ಮಕ್ಕಳನ್ನೂ ಆಟಿಕೆಯಿಲ್ಲದೆ ನೋಡಿದ ಮಕ್ಕಳನ್ನೂ ಹೋಲಿಸಿದರು. ಆಟಿಕೆಯಿದ್ದವರು ಪರದೆಯನ್ನು ನೋಡಿದ್ದು ಬಹಳ ಕಡಿಮೆ, ಆದರೆ ಎರಡೂ ಗುಂಪಿಗೆ ಅರ್ಥವಾದದ್ದು ಒಂದೇ ಸಮ. ಅರ್ಥವಾಗುವ ಜಾಗದಲ್ಲಿ ಮಗು ನೋಡುತ್ತದೆ, ಅರ್ಥವಾಗದಲ್ಲಿ ತನ್ನ ಕೆಲಸಕ್ಕೆ ಮರಳುತ್ತದೆ.

ವಾಸ್ಕೋದ ಮೇಷ್ಟ್ರು:
ಒಪ್ಪಿದೆ. ನಮ್ಮ ಹಿಂದಿನ ಬೆಂಚಿನವರೂ ಹಾಗೆಯೇ.

ಪವಾಯಿಯ ಕುಂಚ:
ಮೇಷ್ಟ್ರ ಮಾತಿಗೆ ಪೂರಕವಾಗಿ, ನಿಮ್ಮ ಮಗಳಿಗೆ ರೋಜರ್ಸ್ ಅವರಿಗಿಂತ ಹತ್ತಿರದ ಮಾದರಿ ಆಂಜೆಲಾ ಸಾಂಟೊಮೆರೊ. ಚಿಕ್ಕಂದಿನಲ್ಲಿ ರೋಜರ್ಸ್ ಅವರನ್ನು ನೋಡಿ ಬೆಳೆದವರು, ಮಕ್ಕಳ ಬೆಳವಣಿಗೆಯ ಮನೋವಿಜ್ಞಾನವನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಿದವರು. 1996ರಲ್ಲಿ ಇನ್ನಿಬ್ಬರೊಂದಿಗೆ ‘ಬ್ಲೂಸ್ ಕ್ಲೂಸ್’ ಎಂಬ ಮಕ್ಕಳ ಟಿ.ವಿ. ಕಾರ್ಯಕ್ರಮ ಸೃಷ್ಟಿಸಿದಾಗ, ಒಂದೊಂದು ಕಂತನ್ನೂ ಪ್ರಸಾರಕ್ಕೆ ಮುನ್ನ ಮೂರು ಸಲ ಮಕ್ಕಳ ಮುಂದಿಟ್ಟು ತಿದ್ದುತ್ತಿದ್ದರು. ಅದರ ನಿರೂಪಕ ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಾನೆ. ದೊಡ್ಡವರಿಗೆ ಆ ಮೌನ ಮುಜುಗರ, ಮನೆಯಲ್ಲಿರುವ ಮಗುವಿಗೆ ಅದು ಉತ್ತರ ಹೇಳುವ ಸರದಿ. ಒಂದೇ ಕಂತನ್ನು ವಾರದಲ್ಲಿ ಐದು ದಿನ ಸತತವಾಗಿ ತೋರಿಸುತ್ತಿದ್ದರು. ಅದೇ ಕಥೆಯನ್ನು ಮತ್ತೆ ಹೇಳು ಎಂದು ಪೀಡಿಸುವ ಮೊಮ್ಮಗನಿರುವ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಇಲ್ಲ. ರೋಜರ್ಸ್ ತೀರಿಕೊಂಡ ಒಂಬತ್ತು ವರ್ಷಗಳ ಮೇಲೆ, 2012ರಲ್ಲಿ, ಅವರ ಆ ಹುಲಿಗೊಂಬೆಯ ವಂಶದ ಮರಿಹುಲಿಯನ್ನು ಮುಂದಿಟ್ಟು ಹೊಸ ಅನಿಮೇಷನ್ ಸರಣಿ ಕಟ್ಟಿದವರೂ ಇವರೇ.

ರೋಜರ್ಸ್ ಕೂಡ ಮಾರ್ಗರೆಟ್ ಮೆಕ್‌ಫಾರ್ಲೆಂಡ್ ಎಂಬ ಮಕ್ಕಳ ಮನೋವಿಜ್ಞಾನಿಯ ಬಳಿ ವಾರವಾರ ಕುಳಿತು ತಮ್ಮ ಚಿತ್ರಕಥೆಗಳನ್ನು ಚರ್ಚಿಸುತ್ತಿದ್ದರು. ಅಷ್ಟು ಹೆಸರು ಬಂದ ಮೇಲೂ ಬಿಡಲಿಲ್ಲ.

ಕಾಂದಿವಲಿಯ ವಕೀಲೆ:
ಇದನ್ನು ಓದಿ ನನ್ನ ಮೊದಲಿನ ಉತ್ತರವನ್ನೇ ಸ್ವಲ್ಪ ಸಡಿಲಿಸಬೇಕೆನಿಸಿತು. ಒಡೆತನ ಮುಖ್ಯ, ಆದರೆ ಒಡೆತನವಿಲ್ಲದ ದೊಡ್ಡ ಕೆಲಸವೂ ಉಂಟು. ಮುಂಬಯಿಯಲ್ಲೇ ಬದುಕಿದ ರಾಮ್ ಮೋಹನ್ ಅವರನ್ನು ನೋಡಿ: ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿ, 1956ರಲ್ಲಿ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗಕ್ಕೆ ಸೇರಿದವರು. 1990ರ ದಶಕದಲ್ಲಿ ಯುನಿಸೆಫ್‌ಗಾಗಿ ‘ಮೀನಾ’ ಎಂಬ ಕಾರ್ಟೂನ್ ಹುಡುಗಿಗೆ ರೂಪ ಕೊಟ್ಟರು. ಶಾಲೆಗೆ ಹೋಗಬೇಕೆನ್ನುವ ಆ ಹುಡುಗಿ, ಅವಳ ಮಿಠ್ಠು ಗಿಣಿ ಯುನಿಸೆಫ್‌ನ ಆಸ್ತಿ. ಭಾರತ, ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನ ನಾಲ್ಕೂ ಕಡೆಯ ಮಕ್ಕಳು ಅವಳನ್ನು ತಮ್ಮೂರಿನವಳೆಂದೇ ತಿಳಿದಿದ್ದರು.

ಚಿಂಚವಾಡದ ಅಜ್ಜಿ:
ನನ್ನ ಮೊಮ್ಮಗ ಕಾರ್ಟೂನುಗಳನ್ನೆಲ್ಲ ಹಿಂದಿಯಲ್ಲಿ ನೋಡುತ್ತಾನೆ. ಮೊನ್ನೆ ‘ಅಜ್ಜೀ, ನನಗೆ ಭೂಕ್ ಆಗಿದೆ’ ಎಂದ. ಡೊಂಬಿವಲಿಯ ಹುಡುಗಿ ಯಾವ ಭಾಷೆಯಲ್ಲಿ ಮಾಡುತ್ತಾಳೆ? ಅದನ್ನು ಯಾರೂ ಕೇಳಲಿಲ್ಲವಲ್ಲ.

ಮಲಾಡಿನ ಕಿರಿಯ:
ಹಿಂದಿಯಲ್ಲಿಯೇ ಮಾಡಬೇಕು ಅಜ್ಜಿ. ಕನ್ನಡದಲ್ಲಿ ಮಾಡಿದರೆ ಮುಂಬಯಿಯಲ್ಲಿ ಕೊಳ್ಳುವವರಾರು? 2009ರಲ್ಲಿ ಚಿಂಟು ಟಿ.ವಿ. ಎಂಬ ಕನ್ನಡ ಮಕ್ಕಳ ವಾಹಿನಿ ಬಂದಾಗಲೂ ಅದರಲ್ಲಿ ಬಹುಪಾಲು ಡಬ್ ಆದವೇ ಇದ್ದವು.

ಮುಲುಂಡಿನ ಕುಂದಾಪುರದವ:
ಕೊಳ್ಳುವವರಿಲ್ಲ ಎಂದು ನಾವೇ ಹೇಳಿಕೊಂಡು ಕುಳಿತರೆ ಮಾರುವವರಿಗೆ ಅದಕ್ಕಿಂತ ಅನುಕೂಲ ಬೇರೆಯಿಲ್ಲ. ಮುಂಬಯಿ ಮಹಾನಗರಪಾಲಿಕೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಿದೆ. ಅಲ್ಲಿ ಮಕ್ಕಳಿದ್ದಾರೆ.

ಪವಾಯಿಯ ಕುಂಚ:
ಭಾಷೆಯ ಜಗಳ ಬಿಡಿಸಿಕೊಳ್ಳುವ ಇನ್ನೊಂದು ದಾರಿಯೂ ಇದೆ. ಮುಂಬಯಿಯ ವೈಭವ್ ಕುಮರೇಶ್ ಸೃಷ್ಟಿಸಿದ ‘ಲ್ಯಾಂಪುಟ್’ ಎಂಬ ಕಾರ್ಟೂನಿನಲ್ಲಿ ಮಾತೇ ಇಲ್ಲ. ಪ್ರಯೋಗಾಲಯದಿಂದ ತಪ್ಪಿಸಿಕೊಂಡ ಕಿತ್ತಳೆ ಬಣ್ಣದ ಮುದ್ದೆ, ಬೆನ್ನಟ್ಟುವ ಇಬ್ಬರು. ಹಲವು ದೇಶಗಳಲ್ಲಿ ಪ್ರಸಾರವಾಗಿದೆ, ಅಂತರರಾಷ್ಟ್ರೀಯ ಎಮ್ಮಿ ಟಿ.ವಿ. ಪ್ರಶಸ್ತಿಗೂ ನಾಮನಿರ್ದೇಶನಗೊಂಡಿದೆ.

ವಾಸ್ಕೋದ ಮೇಷ್ಟ್ರು:
ಅದು ಓಟದ ಕಥೆಗೆ ಸರಿ. ಮಳೆಗೆ ಹೆದರುವ ಮಗುವಿನ ಜೊತೆ ಮಾತಾಡಲೇಬೇಕು, ಅದೂ ಅದರ ಮನೆಯ ಮಾತಿನಲ್ಲಿ.

ಡೊಂಬಿವಲಿಯ ಅಮ್ಮ:
ಎಲ್ಲರಿಗೂ ಉತ್ತರಿಸಲು ತಡವಾಯಿತು, ಮನ್ನಿಸಿ. ನಿಮ್ಮ ಮಾತುಗಳನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಮೇಷ್ಟ್ರ ಪ್ರಶ್ನೆ ಬಂದಾಗ ಸುಮ್ಮನಾದಳು. ಶನಿವಾರ ನನ್ನ ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ಅಳಿಲೊಂದನ್ನು ಹೊಲಿದಳು (ಕೇಳದೆಯೇ ಕತ್ತರಿಸಿದಳು, ಅದು ಬೇರೆ ಮಾತು). ಭಾನುವಾರ ನಮ್ಮ ಕಟ್ಟಡದ ಒಂಬತ್ತು ಮಕ್ಕಳನ್ನು ಕೆಳಗಿನ ವಾಹನ ನಿಲ್ಲಿಸುವ ಜಾಗದಲ್ಲಿ ಕೂರಿಸಿ ಆಟವಾಡಿಸಿದಳು. ನನ್ನನ್ನು ಒಂದು ಕಂಬದ ಪಕ್ಕ ನಿಲ್ಲಿಸಿ, ಯಾವ ಮಗು ಯಾವಾಗ ಬೇರೆಡೆ ನೋಡಿತೆಂದು ಬರೆದುಕೊಳ್ಳಲು ಹೇಳಿದಳು. ಅಳಿಲು ಗುಡುಗಿಗೆ ಬೆಚ್ಚಿ ನನ್ನ ಚೀಲದೊಳಗೆ ಅಡಗುವವರೆಗೆ ಒಬ್ಬರೂ ಅಲ್ಲಾಡಲಿಲ್ಲ. ಆಮೇಲೆ ಅಜ್ಜ ಅಳಿಲು ಬಂದು ‘ಮಳೆ ಬಂದರೆ ಬೆಳೆ’ ಎಂದು ಬುದ್ಧಿ ಹೇಳತೊಡಗಿದೊಡನೆ ಐವರು ಎದ್ದು ಬೆಕ್ಕಿನ ಹಿಂದೆ ಹೋದರು. ರಾತ್ರಿ ಅಜ್ಜ ಅಳಿಲಿನ ಮಾತಿದ್ದ ಆ ಪುಟವನ್ನು ಅವಳೇ ಹರಿದುಹಾಕಿದಳು. ಹನ್ನೊಂದಕ್ಕೆ ನೋಡಿದರೆ ಅವಳ ಅಪ್ಪ ಊಟದ ಮೇಜಿನ ಬಳಿ ಅಳಿಲಿನ ಬಾಲಕ್ಕೆ ತಂತಿ ಹಾಕುತ್ತಾ ಕುಳಿತಿದ್ದರು. ಕೆಲಸವನ್ನು ಸದ್ಯಕ್ಕೆ ಬಿಡುವುದಿಲ್ಲವಂತೆ. ಅಳಿಲು ಈಗ ಹಿಂದಿ, ಮರಾಠಿ ಎರಡನ್ನೂ ಬೆರೆಸಿ ಮಾತಾಡುತ್ತಿದೆ. ಹೆದರಿದಾಗ ಮಾತ್ರ ‘ಅವ್ವಾ’ ಎನ್ನುತ್ತದೆ. ಅವಳಿಗೆ ಇನ್ನೂ ಬೇರೆಬೇರೆ ಕಡೆಯ ಮಕ್ಕಳು ಬೇಕಂತೆ.

ಗಡಿಬಿಡಿಯವನು:
ನನ್ನ ಇಬ್ಬರನ್ನು ಕರೆದುಕೊಂಡು ಹೋಗಿ, ಸಂಜೆಯವರೆಗೆ ಇಟ್ಟುಕೊಂಡರೂ ಅಭ್ಯಂತರವಿಲ್ಲ.

ಮಾಟುಂಗದ ನಿವೃತ್ತ:
ಪರೀಕ್ಷೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಇಲ್ಲಿ ನಾವು ಭಜನೆಗೆ ಬಳಸುವ ಸಭಾಂಗಣ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಖಾಲಿ ಇರುತ್ತದೆ, ಬೀಗದ ಕೈ ನನ್ನ ಬಳಿಯೇ ಇದೆ. ಫ್ಯಾನು ಎರಡು ಮಾತ್ರ ತಿರುಗುತ್ತವೆ.